ಫಿಟ್ಟರ್ ಮುಚ್ಚಿದ ಬಾಟಲಿಗಳು

ನನ್ನ ತಂಗಿಯ ಗಂಡ ಮುಚ್ಚಿದ ನಲ್ಲಿಯನ್ನು ಇನ್ನೊಬ್ಬರು ತೆರೆಯುವುದು ಹುಡುಗಾಟದ ಮಾತಲ್ಲ. ಅವನ ಮನೆಯಲ್ಲಿ ಕೈ ತೊಳೆಯಲು ಹೋಗಿ ಮಣಿಕಟ್ಟು ಉಳುಕಿಸಿಕೊಂಡವಳು ನಾನು, ಆದ್ದರಿಂದ ಇದನ್ನು ಹೇಳುವ ಹಕ್ಕು ನನಗಿದೆ. ಊರಿಗೆಲ್ಲ ನೀರು ಹರಿಸುವ ಪಂಪ್‌ಹೌಸಿನಲ್ಲಿ ಅವನು ಫಿಟ್ಟರ್. ಎಲ್ಲಿ ಸೋರುತ್ತದೋ ಅಲ್ಲಿಗೆ ಹೋಗಿ ಬಿಗಿ ಮಾಡಿ ಬರುವುದು ಅವನ ಕೆಲಸ. ಎಲ್ಲರೂ ಅವನನ್ನು ಫಿಟ್ಟರ್ ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಕೆಲಸ ಮುಗಿಸಿ ಮನೆಗೆ ಬಂದರೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಸಕ್ಕರೆ ಡಬ್ಬಿ, ಎಣ್ಣೆ ಬಾಟಲಿ, ಮಗಳ ನೀರಿನ ಬಾಟಲಿ, ಅವನು ಒಂದು ಸಲ ಮುಚ್ಚಿದನೆಂದರೆ ಮುಗಿಯಿತು. ನನ್ನ ತಂಗಿ ಒಂದು ದಿನ ಸಕ್ಕರೆ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ನೆಟ್ಟಗೆ ಪಂಪ್‌ಹೌಸಿಗೇ ನಡೆದಳು. ಅಷ್ಟು ಜನ ಕೆಲಸಗಾರರ ಮುಂದೆ, "ಇದನ್ನ ಸ್ವಲ್ಪ ತೆಗೆದುಕೊಡ್ರೀ, ಮನೆಗೆ ನೆಂಟರು ಬಂದಿದ್ದಾರೆ, ಬರೀ ಹಾಲು ಕುಡಿಸೋಕಾಗುತ್ತಾ?" ಅಂದಳಂತೆ. ಆ ನೆಂಟರು ನಾನೇ. ಅವಳು ವಾಪಸು ಬರುವ ಹೊತ್ತಿಗೆ ನಾನು ಬರೀ ಹಾಲನ್ನೇ ಕುಡಿದು ಮುಗಿಸಿದ್ದೆ.

ಇವತ್ತು ಅದೇ ಮನುಷ್ಯನ ಮನೆಯಲ್ಲಿ ತರಕಾರಿ ಖರ್ಚು ಅನ್ನುವುದೇ ಹೆಚ್ಚುಕಡಿಮೆ ಇಲ್ಲ. ಹಿತ್ತಲಲ್ಲಿ ಬೆಳೆದದ್ದನ್ನು ಬೇಸಿಗೆಯಲ್ಲಿ ತಿನ್ನುತ್ತಾನೆ, ಮಿಕ್ಕದ್ದನ್ನು ಗಾಜಿನ ಬಾಟಲಿಗಳಲ್ಲಿ ತುಂಬಿಟ್ಟು ಚಳಿಗಾಲ ಕಳೆಯುತ್ತಾನೆ. ಜನ ಅವನ ಮನೆಗೆ ಬಂದು ಹೇಗೆ ಮಾಡೋದು ಹೇಳಿಕೊಡಿ ಎಂದು ಕೇಳುತ್ತಾರೆ. ಅವನು ಎಲ್ಲವನ್ನೂ ಹೇಳಿಕೊಡುತ್ತಾನೆ, ಮೊದಲ ವರ್ಷದ ಕತೆಯೊಂದನ್ನು ಬಿಟ್ಟು. ಆ ಕತೆಯಲ್ಲಿ ನಾನೂ ಇರುವುದರಿಂದ ಅದನ್ನು ನಾನೇ ಹೇಳಬೇಕು.

ನನ್ನ ತಂಗಿ ತೀರಿಹೋದಾಗ ಅವರ ಮಗಳಿಗೆ ಆರು ವರ್ಷ. ಹುಟ್ಟಿದಾಗಿನಿಂದ ಸಣಕಲು, ಕತ್ತು ನೋಡಿದರೆ ಹೂವಿನ ತೊಟ್ಟು. ಮನೆಯವರೆಲ್ಲ ಕಡ್ಡಿ ಎಂದೇ ಕರೆಯುತ್ತಿದ್ದೆವು. ನನಗೆ ಮಕ್ಕಳಿಲ್ಲ. ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ಬೇರೆಯವರ ಮಕ್ಕಳ ಅಳತೆ ತೆಗೆದೂ ತೆಗೆದೂ ನನ್ನ ಆಯುಸ್ಸೇ ಕಳೆಯಿತು. ಕಡ್ಡಿಯನ್ನು ಕಂಡರೆ ನನ್ನ ಜೀವ ಅವಳ ಮೇಲೇ ಇರುತ್ತಿತ್ತು. ಅವಳು ನನ್ನ ಮನೆಯಲ್ಲಿ ಬೆಳೆಯಬೇಕು ಅನ್ನುವ ಆಸೆ ನನಗೆ ಮೊದಲ ದಿನದಿಂದಲೂ ಇತ್ತು. ಇರಲಿಲ್ಲ ಅಂತ ಯಾರ ಮುಂದೆಯೂ ನಾಟಕ ಆಡಿಲ್ಲ.

ಎರಡು ವರ್ಷ ಅಪ್ಪ ಮಗಳು ಹೇಗೋ ದೂಡಿದರು. ಅಷ್ಟರಲ್ಲಿ ಪಂಪ್‌ಹೌಸಿಗೆ ಹೊಸ ಯಂತ್ರಗಳು ಬಂದವು, ಫಿಟ್ಟರ್‌ಗಳಿಗೆ ವಾರಕ್ಕೆ ಮೂರೇ ದಿನ ಕೆಲಸ ಎಂದಾಯಿತು. ಸಂಬಳವೂ ಮೂರೇ ದಿನದ್ದು. ಸುದ್ದಿ ಕೇಳಿದ್ದೇ ನಾನು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಹೊರಟೆ. ಜಗಳ ಆಡಲೆಂದೇ ಹೋದೆ, ಆಡಿದೆ ಕೂಡ.

"ನೋಡು, ಮಗು ಎಲುಬು ಎಣಿಸೋ ಹಾಗಾಗಿದೆ," ಅಂದೆ. "ಚಳಿ ಶುರುವಾದರೆ ನಮ್ಮ ಈ ಊರಲ್ಲಿ ಏನೂ ಬೆಳೆಯಲ್ಲ, ತರಕಾರಿ ಬೆಲೆ ಕೇಳೋ ಹಾಗಿರಲ್ಲ. ಮೂರು ದಿನದ ಸಂಬಳದಲ್ಲಿ ಅವಳಿಗೆ ಏನು ಹಾಕ್ತೀಯ?"

"ಹಾಕ್ತೀನಿ ಅಕ್ಕ."

"ಏನು ಹಾಕ್ತೀಯ, ನಟ್ಟು ಬೋಲ್ಟಾ?"

ಅವನಿಗೆ ಸಿಟ್ಟು ಬರುವುದಿಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸುತ್ತದೆ. ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡ. ಆಮೇಲೆ ಹೇಳಿದ, "ಈ ಸಲದ ಚಳಿಗಾಲ ಅವಳಿಗೆ ಹೊಟ್ಟೆ ತುಂಬ ಹಾಕೋಕೆ ನನ್ನ ಕೈಲಿ ಆಗಲಿಲ್ಲ ಅಂದ್ರೆ ನಾನೇ ಕರ್ಕೊಂಡು ಬಂದು ನಿಮ್ಮ ಮನೇಲಿ ಬಿಡ್ತೀನಿ. ನೀವು ಕೇಳೋದೂ ಬೇಡ."

"ಮಾತು?"

"ಮಾತು."

ಅವನು ಮಾತಿಗೆ ತಪ್ಪುವವನಲ್ಲ. ನಾನು ನಿಶ್ಚಿಂತೆಯಿಂದ ಮನೆಗೆ ಬಂದು, ಒಳಕೋಣೆಯಲ್ಲಿ ತುಂಬಿಟ್ಟಿದ್ದ ಬಟ್ಟೆಯ ಥಾನುಗಳನ್ನು ತೆಗೆದು ಅಲ್ಲೊಂದು ಚಿಕ್ಕ ಮಂಚ ಹಾಕಿಸಿದೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿ, "ಇಷ್ಟು ಬೇಗ?" ಅಂದರು. "ನಿಮ್ಮ ಪೇಪರು ನೀವು ಓದಿ," ಅಂದೆ.

ಅವನ ಮನೆಯ ಹಿಂದೆ, ಗೋಡೆಗೂ ಕಾಂಪೌಂಡಿಗೂ ನಡುವೆ ಒಂದು ಪಟ್ಟಿ ಜಾಗ ಇದೆ. ಅಲ್ಲಿ ತುಕ್ಕು ಹಿಡಿದ ಪೈಪುಗಳು, ಒಡೆದ ಇಟ್ಟಿಗೆ ಬಿದ್ದಿರುತ್ತಿದ್ದವು. ಕೆಲಸವಿಲ್ಲದ ದಿನಗಳಲ್ಲಿ ಅವನು ಅದನ್ನೆಲ್ಲ ಹೊರಗೆ ಹಾಕಿ ನೆಲ ಅಗೆದ. ಮಣ್ಣಿನ ಗಂಧ ಗೊತ್ತಿಲ್ಲದ ಮನುಷ್ಯ. ಮೂಲಂಗಿ ಬೀಜವನ್ನು ಪೊಟ್ಟಣ ಪೂರ್ತಿ ಒಂದೇ ಸಾಲಿನಲ್ಲಿ ಸುರಿದ, ಅದು ಹುಲ್ಲಿನ ಹಾಗೆ ಎದ್ದಿತು, ಬುಡದಲ್ಲಿ ಮೂಲಂಗಿಯೇ ಇಲ್ಲ. ಅದನ್ನು ಕಂಡ ಮರುದಿನವೇ ಅಳತೆ ಪಟ್ಟಿ ತಂದು, ಗೇಣಿಗೊಂದು ಗೂಟ ನೆಟ್ಟು, ಗೂಟಕ್ಕೊಂದು ಬೀಜ ಹಾಕಿದ. ಹಳೆಯ ರಬ್ಬರ್ ಪೈಪಿಗೆ ಮೊಳೆಯಿಂದ ತೂತು ಕೊರೆದು ಸಾಲುಗಳ ನಡುವೆ ಹಾಸಿದ. ಜೀವಮಾನವೆಲ್ಲ ಸೋರುವುದನ್ನು ನಿಲ್ಲಿಸಿದವನು ಬೇಕೆಂದೇ ಸೋರುವ ಪೈಪು ಮಾಡಿದ್ದಾನೆಂದು ಪಂಪ್‌ಹೌಸಿನವರು ನೋಡಲು ಬಂದಿದ್ದರಂತೆ.

ಕಡ್ಡಿಗೆ ಹುಳ ಆರಿಸುವ ಕೆಲಸ. ಎಲೆ ಮಗುಚಿ ನೋಡಿ ಒಂದೊಂದನ್ನೇ ಹಿಡಿದು ಡಬ್ಬಿಗೆ ಹಾಕುತ್ತಿದ್ದಳು, ಪ್ರತಿಯೊಂದಕ್ಕೂ ಬೈಯುತ್ತಿದ್ದಳು. ಆ ಬೈಗುಳ ಎಲ್ಲ ನನ್ನದೇ, ಯಾವಾಗ ಕಲಿತಳೋ ಗೊತ್ತಿಲ್ಲ. ಹುರುಳಿಕಾಯಿ ಬಿಟ್ಟಾಗ ಗಿಡದಿಂದಲೇ ಕಿತ್ತು ತಿನ್ನುತ್ತಿದ್ದಳು. ಕೋಸು ಕಟ್ಟಿತು, ಬೀಟ್‌ರೂಟು ಬಂತು, ಕುಂಬಳದ ಬಳ್ಳಿ ಕಾಂಪೌಂಡು ಹತ್ತಿ ಆಚೆ ಇಣುಕಿತು. ತರಕಾರಿ ಅಂಗಡಿಯವನು ದಾರಿಯಲ್ಲಿ ಸಿಕ್ಕಾಗ, "ನಿಮ್ಮ ಫಿಟ್ಟರ್ ಊರು ಬಿಟ್ಟರಾ ಏನಮ್ಮ, ಈ ಕಡೆ ತಲೆ ಹಾಕಿಲ್ಲ," ಅಂತ ಕೇಳಿದ. ಉಳಿದ ದುಡ್ಡಿನಲ್ಲಿ ಫಿಟ್ಟರ್ ಮಗಳಿಗೆ ದಿನಾ ಹಾಲು ಹಾಕಿಸಿಕೊಳ್ಳತೊಡಗಿದ್ದ. ನನಗೆ ಸಂತೋಷವಾಯಿತು ಅಂದರೆ ಅರ್ಧ ಸುಳ್ಳು. ಉಳಿದರ್ಧ ಹೊಟ್ಟೆಯೊಳಗೆ ಉರಿಯುತ್ತಿತ್ತು.

ಆಮೇಲೆ ಟೊಮೆಟೊ ಬಂತು. ಬಂತು ಅಂದರೆ ಅಷ್ಟಿಷ್ಟಲ್ಲ, ಬಕೆಟ್ಟು, ಬುಟ್ಟಿ, ಕೊನೆಗೆ ಸ್ನಾನದ ಟಬ್ಬಿನಲ್ಲೂ ಟೊಮೆಟೊ. ತಿಂದು ಮುಗಿಸುವಂತಿಲ್ಲ, ಇಟ್ಟರೆ ಕೊಳೆಯುತ್ತದೆ. ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ನರ್ಸಮ್ಮ ಇದ್ದಾರೆ, ಬಾಯಿ ನನಗಿಂತ ಒಂದು ಕೈ ಮೇಲು. ಅವರು ತಮ್ಮ ಅಟ್ಟದಲ್ಲಿದ್ದ ಅಗಲ ಬಾಯಿಯ ಗಾಜಿನ ಬಾಟಲಿಗಳನ್ನೆಲ್ಲ ಕೊಟ್ಟು, ಹೊಸ ಮುಚ್ಚಳ ತರಿಸಿ, ಮಾಡುವ ರೀತಿ ಹೇಳಿದರು. ಬಾಟಲಿ ಕುದಿಸಬೇಕು. ಟೊಮೆಟೊ ಸಿಪ್ಪೆ ಸುಲಿದು ಬೇಯಿಸಿ, ನಿಂಬೆರಸ ಹಾಕಿ, ಬಿಸಿ ಇರುವಾಗಲೇ ತುಂಬಬೇಕು. ಅಂಚು ಒರೆಸಿ, ಚಪ್ಪಟೆ ಮುಚ್ಚಳ ಇಟ್ಟು, ಅದರ ಮೇಲೆ ತಿರುಗಿಸುವ ಬಳೆ ಹಾಕಿ, ಬರೀ ಬೆರಳ ತುದಿಯಲ್ಲಿ ತಿರುಗಿಸಿ ಬಿಡಬೇಕು. ಆಮೇಲೆ ಮುಳುಗುವಷ್ಟು ನೀರಲ್ಲಿಟ್ಟು ಮತ್ತೆ ಕುದಿಸಬೇಕು. ತಣ್ಣಗಾದಾಗ ಮುಚ್ಚಳ ಒಳಕ್ಕೆ ಸೆಳೆದುಕೊಂಡು ಗಟ್ಟಿ ಕೂರುತ್ತದೆ, ಇಡೀ ಚಳಿಗಾಲ ಕೆಡುವುದಿಲ್ಲ.

ಫಿಟ್ಟರ್ ಎಲ್ಲವನ್ನೂ ಹಾಗೇ ಮಾಡಿದ. ಮೊದಲ ಹಂಡೆ ಕುದಿಯುವಾಗ ಬಗ್ಗಿ ನೋಡಿದ. ಪ್ರತಿ ಮುಚ್ಚಳದ ಅಂಚಿನಿಂದ ಸಣ್ಣ ಸಣ್ಣ ಗುಳ್ಳೆ ಮೇಲಕ್ಕೆ ಏಳುತ್ತಿದ್ದವು.

ಗುಳ್ಳೆ ಅಂದರೆ ಗಾಳಿ ಹೊರಗೆ ಬರುತ್ತಿದೆ. ಗಾಳಿ ಹೊರಗೆ ಬರುತ್ತಿದೆ ಅಂದರೆ ಸೋರುತ್ತಿದೆ. ಇನ್ನು ಅವನನ್ನು ಹಿಡಿಯುವವರು ಯಾರು? ನರ್ಸಮ್ಮ ಮಗಳ ಮನೆಗೆ ಹೋಗಿದ್ದರು. ಅವನು ಕುದಿವ ನೀರಿನಿಂದ ಒಂದೊಂದೇ ಬಾಟಲಿ ಎತ್ತಿ, ಬಟ್ಟೆ ಸುತ್ತಿ, ಪೈಪು ತಿರುಗಿಸುವ ಇಕ್ಕಳ ತಂದು ಎಲ್ಲವನ್ನೂ ಮೈಯಲ್ಲಿದ್ದ ಬಲವೆಲ್ಲ ಹಾಕಿ ಬಿಗಿದ. ಎರಡು ಬಾಟಲಿ ಒಡೆದವು. ಕೈ ಸುಟ್ಟುಕೊಂಡ. ಆದರೆ ಮತ್ತೆ ನೀರಿಗೆ ಇಳಿಸಿದಾಗ ಗುಳ್ಳೆ ನಿಂತಿದ್ದವು. ಮಿಕ್ಕ ಬಾಟಲಿಗಳನ್ನು ಹಂಡೆಗೆ ಇಳಿಸುವ ಮೊದಲೇ ಬಿಗಿದುಬಿಟ್ಟ, ಕೆಲಸ ಹಗುರವಾಯಿತು.

ನಾನು ಹೋದಾಗ ಬಾಟಲಿಗಳು ಮಂಚದ ಕೆಳಗೆ, ಬೀರುವಿನ ಮೇಲೆ, ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದವು. ಕಡ್ಡಿ ನನ್ನ ಕೈ ಹಿಡಿದು ಒಂದೊಂದು ಸಾಲನ್ನೂ ತೋರಿಸಿದಳು. "ಇದೆಲ್ಲ ಚಳಿಗಾಲಕ್ಕೆ ದೊಡ್ಡಮ್ಮ. ಸೂಪು ಮಾಡಬಹುದು, ಅನ್ನಕ್ಕೆ ಕಲಸಬಹುದು, ಬ್ರೆಡ್ಡಿಗೂ ಹಚ್ಚಬಹುದು." ಬಿಸಿಲು ಬಿದ್ದು ಬಾಟಲಿಗಳು ಕೆಂಪಗೆ ಹೊಳೆಯುತ್ತಿದ್ದವು. ಸೋತೆ ಅನ್ನಿಸಿತು. ಫಿಟ್ಟರ್‌ನ ಕೈಗೆ ಕಟ್ಟಿದ್ದ ಬಟ್ಟೆ ನೋಡಿ, "ಮುಲಾಮು ಹಚ್ಚಿದ್ಯಾ?" ಅಂತ ಮಾತ್ರ ಕೇಳಿ ಬಂದೆ. ಮನೆಗೆ ಬಂದು ಒಳಕೋಣೆಯ ಬಾಗಿಲು ಮುಚ್ಚಿದೆ.

ಚಳಿ ಹಿಡಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಶಬ್ದವಾಯಿತು. ತೆಗೆದರೆ ಅಪ್ಪ ಮಗಳು. ಅವನ ಕೈಯಲ್ಲಿ ಬಟ್ಟೆಯ ಚೀಲ.

"ಏನಾಯ್ತು?" ಅಂದೆ.

"ಎಲ್ಲ ಕೆಟ್ಟುಹೋಯ್ತು ಅಕ್ಕ. ಒಂದು ತೆಗೆದೆ, ವಾಸನೆ. ಇನ್ನೊಂದು ತೆಗೆದೆ, ಬೂಷ್ಟು. ಮುಚ್ಚಳ ಎಲ್ಲ ಸೊಟ್ಟಗಾಗಿ ಅಂಚು ಬಿಟ್ಟಿದೆ." ಅವನು ನನ್ನ ಮುಖ ನೋಡಲಿಲ್ಲ. "ಒಂದೆರಡು ಚೆನ್ನಾಗೇ ಕಾಣ್ತಿದ್ವು. ಆದರೂ ಅವಳಿಗೆ ಹಾಕೋಕೆ ಧೈರ್ಯ ಬರಲಿಲ್ಲ. ಎಲ್ಲ ಗುಂಡಿ ತೋಡಿ ಸುರಿದುಬಿಟ್ಟೆ."

"ಎಲ್ಲಾನಾ?"

"ಎಲ್ಲಾನೂ. ಮಾತು ಕೊಟ್ಟಿದ್ದೆನಲ್ಲ."

ನನ್ನ ಕರುಳು ಚುರುಕ್ ಅಂತು, ಅದು ನಿಜ. ಅದರ ಹಿಂದೆಯೇ ಹೊಟ್ಟೆಗೆ ಹಾಲು ಹೊಯ್ದ ಹಾಗೂ ಆಯಿತು, ಅದೂ ನಿಜ. ನಾನು ಕಡ್ಡಿಯ ತಲೆ ಸವರಿ, ಅವನಿಗೆ ಸಮಾಧಾನವಾಗಲಿ ಎಂದು, "ಯೋಚನೆ ಮಾಡಬೇಡ ಹೋಗು. ಮೈ ಕೈ ತುಂಬಿಕೊಂಡು ದಪ್ಪಗಾಗಲಿ, ಆಮೇಲೆ ನೋಡೋಣ," ಅಂದೆ. ಅವನು ಚೀಲವನ್ನು ಕುರ್ಚಿಯ ಮೇಲಿಟ್ಟು, ಮಗಳ ಸ್ವೆಟರಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿ, ಹೋದ. ಅವಳು ಅಳಲಿಲ್ಲ.

ಅಳುವುದಿರಲಿ, ಆ ಮಗು ನಮ್ಮ ಮನೆಯಲ್ಲಿ ಊಟ ಮಾಡಿದ್ದನ್ನು ನೀವು ನೋಡಬೇಕಿತ್ತು. ತಟ್ಟೆಯಲ್ಲಿ ಹಾಕಿದ್ದು ಹಾಕಿದ ಹಾಗೇ ಖಾಲಿ. "ಇನ್ನೊಂಚೂರು ಹಾಕು ದೊಡ್ಡಮ್ಮ," ಅನ್ನುವಳು. ಮೊಟ್ಟೆ ತಿಂದಳು, ಹಾಲು ಕುಡಿದಳು, ಹುಟ್ಟಿದಾಗಿನಿಂದ ಮೂಗು ಮುರಿಯುತ್ತಿದ್ದ ಹಾಗಲಕಾಯಿಯನ್ನು ಕಣ್ಣು ಮುಚ್ಚಿಕೊಂಡು ನುಂಗಿದಳು. ನಾನು ಬೀಗಿದೆ. ಎದುರು ಮನೆಯವಳನ್ನು ಕರೆದು, ನೋಡು ನನ್ನ ಕೈ ಅಡುಗೆ ಮಗುವಿಗೆ ಹೇಗೆ ಹಿಡಿಸಿದೆ ಎಂದು ತೋರಿಸಿದೆ. ನಮ್ಮ ಯಜಮಾನರು ಮಾತ್ರ, "ಅಷ್ಟು ಬಡಿಸಬೇಡ, ಮಗೂಗೆ ಅಜೀರ್ಣ ಆಗುತ್ತೆ," ಅಂದರು. "ನಿಮಗೆ ಪೇಪರು ಇನ್ನೂ ಮುಗಿದಿಲ್ಲವಾ?" ಅಂದೆ.

ದಿನಾ ಸಂಜೆ ನಾನು ಯಂತ್ರದ ಮುಂದೆ ಕೂತಾಗ ಅವಳು ಬಂದು ಎರಡೂ ಕೈ ಅಗಲಿಸಿ ನಿಲ್ಲುತ್ತಿದ್ದಳು. "ಅಳತೆ ತೆಗಿ ದೊಡ್ಡಮ್ಮ." ನಾನು ಟೇಪು ತೆಗೆದು ಎದೆ, ಸೊಂಟ ಅಳೆಯುತ್ತಿದ್ದೆ. "ಎಷ್ಟಾಯ್ತು?" ಅನ್ನುವಳು. "ನಿನ್ನೆ ಎಷ್ಟಿತ್ತೋ ಅಷ್ಟೇ ಕಣೇ, ರಾತ್ರಿ ಬೆಳಗಾಗೋದರಲ್ಲಿ ಆನೆ ಆಗ್ತೀಯಾ?" ಅನ್ನುವೆ ನಾನು. ಅವಳ ಮುಖ ಸಣ್ಣದಾಗುತ್ತಿತ್ತು. ಹೊಸ ಫ್ರಾಕಿನ ಆಸೆ ಇರಬೇಕೆಂದುಕೊಂಡು, ಇದ್ದ ಕೆಲಸ ಬದಿಗಿಟ್ಟು ಒಂದು ಫ್ರಾಕು ಹೊಲಿದುಕೊಟ್ಟೆ. ಹಾಕಿಕೊಂಡು, "ಚೆನ್ನಾಗಿದೆ ದೊಡ್ಡಮ್ಮ," ಅಂದಳು. ಮರುದಿನ ಸಂಜೆ ಮತ್ತೆ ಬಂದು ಕೈ ಅಗಲಿಸಿ ನಿಂತಳು.

ಒಂದು ಮಧ್ಯಾಹ್ನ, ಅವಳು ಶಾಲೆಯಲ್ಲಿದ್ದಾಗ, ಅವಳ ದಪ್ಪ ಕೋಟು ತರಲೆಂದು ಫಿಟ್ಟರ್ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ನರ್ಸಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಅವನು ನೆಲದ ಮೇಲೆ ಕೂತಿದ್ದ, ಸುತ್ತಲೂ ಬಾಟಲಿಗಳು. ಎಲ್ಲದರಲ್ಲೂ ಬರೀ ನೀರು.

ಅವನು ಒಂದಕ್ಕೆ ಬಳೆ ಹಾಕಿ, ಎರಡು ಬೆರಳಲ್ಲಿ ತಿರುಗಿಸಿ ಅವರ ಕೈಗೆ ಕೊಟ್ಟ. ಅವರು ಎರಡೇ ಬೆರಳಲ್ಲಿ ತೆರೆಯಲು ನೋಡಿದರು. ಬಳೆ ಜಗ್ಗಲಿಲ್ಲ.

"ಮತ್ತೆ ಬಿಗಿ ಮಾಡಿದ್ಯಲ್ಲೋ. ಏನು ಪೈಪ್‌ಲೈನ್ ಎಳೀತಿದ್ದೀಯಾ?" ಅಂದರು. "ಕುದಿಯೋವಾಗ ಒಳಗಿನ ಗಾಳಿ ಹೊರಗೆ ಹೋಗಲೇಬೇಕು. ಅದಕ್ಕೆ ದಾರಿ ಬಿಡು. ಅದು ಹೋದಮೇಲೆ ಮುಚ್ಚಳ ತಾನೇ ಕೂರುತ್ತೆ, ನಿನ್ನ ಬಲ ಬೇಡ ಅದಕ್ಕೆ."

"ಕೈ ಕೇಳಲ್ಲ ನರ್ಸಮ್ಮ," ಅಂದ ಅವನು. "ಇನ್ನೊಂದು ಕೊಡಿ."

ನನ್ನನ್ನು ಕಂಡು ಎದ್ದ. "ಮುಂದಿನ ವರ್ಷಕ್ಕೆ ಈಗಲೇ ಕಲೀತಿದ್ದೀನಿ ಅಕ್ಕ," ಅಂದ. ಅವನ ಮುಖದಲ್ಲಿ ನಾಚಿಕೆ ಇತ್ತು. ಗಡ್ಡ ಬಿಟ್ಟಿದ್ದ, ಅಂಗಿ ಸಡಿಲವಾಗಿ ತೂಗುತ್ತಿತ್ತು. ಹಿತ್ತಲಿಗೆ ಹೋಗಿ ನೋಡಿದೆ. ಒಣಹುಲ್ಲು ಹೊದಿಸಿದ ಸಾಲಿನಲ್ಲಿ ಕೋಸು, ಬೀಟ್‌ರೂಟು ಇನ್ನೂ ಇದ್ದವು. ಅಟ್ಟದ ಮೇಲೆ ಕುಂಬಳಕಾಯಿ ಇತ್ತು.

"ಇಷ್ಟು ಇದೆಯಲ್ಲ," ಅಂದೆ.

"ಚಳಿ ಮುಗಿಯೋವರೆಗೆ ಇಬ್ಬರಿಗೆ ಸಾಲಲ್ಲ ಅಕ್ಕ."

"ಅವಳೊಬ್ಬಳಿಗೆ ಸಾಲುತ್ತಲ್ಲ?"

"ನಾನು ತಿನ್ನದೆ ಇದ್ರೆ ಅವಳೂ ತಿನ್ನಲ್ಲ. ಎಷ್ಟು ಸುಳ್ಳು ಹೇಳಿದರೂ ನಂಬಲ್ಲ. ತಟ್ಟೇನ ನನ್ನ ಕಡೆ ತಳ್ಳಿ ಸುಮ್ಮನೆ ಕೂತುಬಿಡ್ತಾಳೆ."

ನಾನು ಕೋಟು ತೆಗೆದುಕೊಂಡು ಹೊರಟೆ. ದಾರಿಯುದ್ದಕ್ಕೂ ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಸಾಲುವುದಿಲ್ಲ ಅಂತ ಅವನೇ ಹೇಳುತ್ತಿದ್ದಾನೆ. ಮಗು ನನ್ನ ಮನೆಯಲ್ಲಿ ಹೊಟ್ಟೆ ತುಂಬ ತಿನ್ನುತ್ತಿದೆ, ಅಳುತ್ತಿಲ್ಲ, ಅಪ್ಪನ ಹೆಸರು ಎತ್ತುತ್ತಿಲ್ಲ. ಇರಲಿ. ಈ ಚಳಿಗಾಲ ಕಳೆಯಲಿ, ಆಮೇಲೆ ಬೇಸಿಗೆ ಬರಲಿ, ಅಷ್ಟರಲ್ಲಿ ಅವಳಿಗೂ ಈ ಮನೆ ಅಭ್ಯಾಸವಾಗುತ್ತದೆ. ಹೀಗೆಲ್ಲ ಲೆಕ್ಕ ಹಾಕಿಕೊಂಡು ಮನೆಗೆ ಬಂದೆ.

ಆ ಸಂಜೆ ಊಟದಲ್ಲಿ ಅವಳು ಮೂರನೇ ಸಲ ಹಾಕಿಸಿಕೊಂಡಳು. ಅರ್ಧ ತಿಂದು, ಎದ್ದು ಓಡಿಹೋಗಿ ಬಚ್ಚಲಲ್ಲಿ ಎಲ್ಲ ವಾಂತಿ ಮಾಡಿಕೊಂಡಳು. ನಾನು ಬೆನ್ನು ಸವರಿ, ಬಾಯಿ ತೊಳೆಸಿ ಕರೆತಂದೆ. ಅವಳು ಮತ್ತೆ ತಟ್ಟೆಯ ಮುಂದೆ ಕೂತಳು.

"ಬೇಡ ಕಣೇ, ಬಿಡು. ಯಾರು ನಿನಗೆ ಇಷ್ಟು ತಿನ್ನು ಅಂದೋರು?"

"ಎಲ್ಲ ಹೊರಗೆ ಹೋಯ್ತಲ್ಲ ದೊಡ್ಡಮ್ಮ," ಅಂದಳು. ಆಗ ಮೊದಲ ಸಲ ಅವಳ ಕಣ್ಣು ತುಂಬಿತು. "ಈಗ ಇವತ್ತಿಂದು ಲೆಕ್ಕಕ್ಕೆ ಬರಲ್ಲ."

"ಏನು ಲೆಕ್ಕ?"

"ದಪ್ಪ ಆದ್ಮೇಲೆ ಮನೆಗೆ ಕಳಿಸ್ತೀನಿ ಅಂತ ನೀನು ಅಪ್ಪಂಗೆ ಹೇಳಿದೆಯಲ್ಲ."

ನಮ್ಮ ಯಜಮಾನರು ಪೇಪರನ್ನು ಮಡಿಸಿ ಕೆಳಗಿಟ್ಟರು. ನನ್ನ ಅಡುಗೆ ಹಿಡಿಸಿದೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ. ಆ ಮಗು ಒಂದೊಂದು ತುತ್ತನ್ನೂ ಮನೆಯ ದಾರಿ ಅಂತ ನುಂಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋಗಿ ಅತ್ತೆ. ಅವಳು ನನ್ನ ಮಗಳಲ್ಲ ಅನ್ನುವುದು ನನಗೆ ಗೊತ್ತಿದ್ದ ವಿಷಯವೇ. ಆದರೂ ಅವತ್ತು ಅದು ಹೊಸದಾಗಿ ಗೊತ್ತಾಯಿತು.

ಮುಖ ತೊಳೆದುಕೊಂಡಾಗ ಮಿಕ್ಕದ್ದೆಲ್ಲ ತಾನಾಗಿ ಹೊಳೆಯಿತು. ಇಲ್ಲಿ ಅವಳಿಗೆ ಬೇಯಿಸುವ ತರಕಾರಿಯನ್ನು ಚೀಲಕ್ಕೆ ಹಾಕಿ ಅಲ್ಲಿಗೆ ಕಳಿಸಿದರೆ ಅಲ್ಲೂ ಬೇಯುತ್ತದೆ. ಫಿಟ್ಟರ್ ದಾನ ತೆಗೆದುಕೊಳ್ಳುವ ಜಾತಿಯಲ್ಲ, ಜಗಳ ಆಡಬೇಕಾಗುತ್ತದೆ. ಅದು ನನಗೆ ಬರುತ್ತದೆ. ಬೇಸಿಗೆಯಲ್ಲಿ ಬಾಟಲಿ ಲೆಕ್ಕದಲ್ಲಿ ತೀರಿಸು ಅಂತ ಹೇಳಿದರಾಯಿತು.

ಹೊರಗೆ ಬಂದಾಗ ಅವಳು ಯಂತ್ರದ ಪಕ್ಕದಲ್ಲಿ ಎರಡೂ ಕೈ ಅಗಲಿಸಿ ನಿಂತಿದ್ದಳು.

"ಅಳತೆ ತೆಗಿ ದೊಡ್ಡಮ್ಮ. ಸ್ವಲ್ಪ ಒಳಗೆ ಉಳಿದಿರಬಹುದು."

ನಾನು ಮೊಣಕಾಲೂರಿ ಕೂತು ಅವಳ ಸೊಂಟಕ್ಕೆ ಟೇಪು ಸುತ್ತಿದೆ. ಇಷ್ಟು ವರ್ಷದಲ್ಲಿ ಯಾರ ಮಗುವಿನ ಅಳತೆಯನ್ನೂ ಅರ್ಧ ಇಂಚು ತಪ್ಪಿ ಹೇಳಿದವಳಲ್ಲ ನಾನು. ಟೇಪಿನ ಒಳಗೆ ನನ್ನ ಮೂರು ಬೆರಳು ತೂರಿಸಿ, ಸಡಿಲ ಹಿಡಿದು ಓದಿದೆ.

"ಎಷ್ಟಾಯ್ತು?"

"ಎರಡಿಂಚು ಜಾಸ್ತಿ ಆಗಿದೀಯ," ಅಂದೆ. "ಸಾಕು. ಹೋಗಿ ನಿನ್ನ ಬಟ್ಟೆ ಚೀಲ ತಗೊಂಡು ಬಾ."